ಓದುಗರ ಪ್ರಶ್ನೆ: ಪ್ಯಾಚ್ ಪಟ್ಟಿ ಕೇಳೋದು ಹೆಂಗ, ನಂಬೋದು ಎಷ್ಟು?

ಈ ಸಲ ಬಂದ ಪ್ರಶ್ನೆಗಳೊಳಗ ಅರ್ಧಕ್ಕಿಂತ ಹೆಚ್ಚು ಒಂದ ವಿಷಯದ್ದು: ನಾವು ನೋಡ್ಕೊಳ್ಳೋ ಸರ್ವರ್‌ಗಳಿಗೆ ಯಾವ ಪ್ಯಾಚ್ (ಸಾಫ್ಟ್‌ವೇರ್ ದೋಷ ಮುಚ್ಚೋ ತೇಪಿ) ಬಾಕಿ ಅದಾವ ಅಂತ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದನ್ನ ಕೇಳೋ ದಾರಿ) ಮೂಲಕ ಕೇಳೋದು. ಹಂಗಾಗಿ ಪೂರ್ತಿ ಅಂಕಣ ಇದಕ್ಕ ಇಟ್ಟೇನಿ, ಉಳದ ಪ್ರಶ್ನೆ ಮುಂದಿನ ಸಂಚಿಕೆಗೆ.

ಪ್ರಶ್ನೆ: ಸರ್, ಹುಬ್ಬಳ್ಳ್ಯಾಗ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಒಳಗ ಕೆಲಸ ಮಾಡ್ತೇನಿ. ಎಡಬ್ಲ್ಯೂಎಸ್ (ಅಮೆಜಾನಿನ ಕ್ಲೌಡ್) ಮ್ಯಾಲೆ 42 ಸರ್ವರ್ ಅದಾವ, ಕೆಲವು ವಿಂಡೋಸ್, ಉಳದದ್ದು ಅಮೆಜಾನ್ ಲಿನಕ್ಸ್ ಮತ್ತ ಉಬುಂಟು. ತಿಂಗಳ ತಿಂಗಳ ಯಾವ ಸರ್ವರ್‌ಗೆ ಯಾವ ಪ್ಯಾಚ್ ಬಾಕಿ ಅಂತ ಎಕ್ಸೆಲ್ ಮಾಡಿ ಕೊಡಬೇಕು, ಕೈಯಿಂದ ಮಾಡಿ ಸಾಕಾಗಿ ಪೈಥಾನ್ ಸ್ಕ್ರಿಪ್ಟ್ ಬರದೆ. ಡಿಸ್ಕ್ರೈಬ್ ಅವೈಲೆಬಲ್ ಪ್ಯಾಚಸ್ ಅನ್ನೋ ಕಾಲ್ (ಎಪಿಐಗೆ ಕೇಳೋ ಪ್ರಶ್ನೆ) ಮಾಡಿದ್ರ ಬರೋಬ್ಬರಿ 100 ಪ್ಯಾಚ್ ಬಂದ್ವು, ಅದರಾಗ ಭಾಳ ಹಳೇವೂ ಅದಾವ, ನಮ್ಮಲ್ಲಿ ಇಲ್ಲದ ಪ್ರಾಡಕ್ಟಿನವೂ ಅದಾವ. ಇದ ಏನು ಬಾಕಿ ಪಟ್ಟಿ?
(ವಿದ್ಯಾನಗರ, ಹುಬ್ಬಳ್ಳಿಯಿಂದ ಒಬ್ಬ ಓದುಗ)

ಉತ್ತರ: ಅಲ್ರಿ, ಅದು ಬಾಕಿ ಪಟ್ಟಿ ಅಲ್ಲ. ಹೆಸರು ಕೇಳಿದ್ರ ಹಂಗ ಅನಸ್ತೈತಿ, ಭಾಳ ಮಂದಿ ಎಡವೋದು ಇಲ್ಲೇ. ಮೆಡಿಕಲ್ ಅಂಗಡ್ಯಾಗ ಎಷ್ಟು ನಮೂನಿ ಗುಳಿಗಿ ಅದಾವ ಅನ್ನೋದು ಬ್ಯಾರೆ, ಡಾಕ್ಟರು ನಿಮ್ಮ ಅಪ್ಪಾರಿಗೆ ಬರದ ಚೀಟಿ ಬ್ಯಾರೆ. ಈ ಕಾಲ್ ಕೊಡೋದು ಅಂಗಡಿ ಪಟ್ಟಿ, ಅಂದ್ರ ಪ್ಯಾಚ್ ಬೇಸ್‌ಲೈನ್ (ಯಾವ ಪ್ಯಾಚ್ ಒಪ್ಪಬೇಕು ಅನ್ನೋ ನಿಯಮದ ಪಟ್ಟಿ) ಒಳಗ ಸೇರಿಸಾಕ ಬರುವಂಥ ಪ್ಯಾಚ್ ಯಾವ್ಯಾವು ಅಂತ. ನಿಮ್ಮ 42 ಸರ್ವರ್‌ಗೂ ಅದಕ್ಕೂ ಸಂಬಂಧ ಇಲ್ಲ, ಖಾತೆದಾಗ ಒಂದೂ ಸರ್ವರ್ ಇಲ್ಲದಿದ್ರೂ ಅದು ಅದ ಉತ್ತರ ಕೊಡ್ತೈತಿ.

ಹಂಗಂತ ಅದು ಉಪಯೋಗಕ್ಕ ಬರಂಗಿಲ್ಲ ಅಂತಲ್ಲ. ಮೈಕ್ರೋಸಾಫ್ಟ್‌ನವರು 2003ರಿಂದ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡ್ತಾರ, ನಮ್ಮ ಗಡಿಯಾರಕ್ಕ ಅದು ರಾತ್ರಿ ಹತ್ತೂವರಿ ಇಲ್ಲಾ ಹನ್ನೊಂದೂವರಿ ಆಗಿರ್ತೈತಿ, ಹಂಗಾಗಿ ಬುಧವಾರ ಮುಂಜಾನೆ ಚಾ ಕುಡ್ಕೋತ ಈ ಕಾಲ್‌ಗೆ ಪ್ರಾಡಕ್ಟ್ ವಿಂಡೋಸ್ ಸರ್ವರ್ 2022, ಕ್ಲಾಸಿಫಿಕೇಶನ್ ಸೆಕ್ಯುರಿಟಿ ಅಪ್‌ಡೇಟ್ಸ್, ಸಿವಿಯಾರಿಟಿ ಕ್ರಿಟಿಕಲ್ ಅಂತ ಫಿಲ್ಟರ್ ಹಾಕಿ ಓಡಿಸಿದ್ರ ಹೊಸಾದು ಏನ್ ಬಂದೈತಿ ಅಂತ ಗೊತ್ತಾಗ್ತೈತಿ. ಫಿಲ್ಟರ್ ಇಲ್ಲದ ಕೇಳಿದ್ರ ಸಂತಿ ಸಂತೀನ ಮನಿಗೆ ಬಂದಂಗ.

ಇನ್ನ ಆ 100. ಯಾವುದ ಎಪಿಐ ಅಗದಿ ದುಂಡ ಅಂಕಿ ಕೊಟ್ರ ಸಂಶಯ ಪಡ್ರಿ. ಒಂದು ಪುಟಕ್ಕ ಹೆಚ್ಚಂದ್ರ 100, ಅದಕ್ಕ ನಿಮಗ ಬರೋಬ್ಬರಿ 100 ಬಂದಾವ. ಉತ್ತರದ ಕೆಳಗ ನೆಕ್ಸ್ಟ್ ಟೋಕನ್ ಅಂತ ಒಂದು ಉದ್ದನ್ನ ಅಕ್ಷರಮಾಲಿ ಇರ್ತೈತಿ, ಅದನ್ನ ಹೊಳ್ಳಿ ಕಳಿಸಿದ್ರ ಮುಂದಿನ ಪುಟ ಬರ್ತೈತಿ, ಟೋಕನ್ ಬರೋದು ನಿಲ್ಲೋತನಕ ಕೇಳ್ಕೋತ ಹೋಗಬೇಕು. ಪೈಥಾನ್‌ದಿಂದ ಎಡಬ್ಲ್ಯೂಎಸ್ ಕೇಳೋ ಲೈಬ್ರರಿ ಬೋಟೋ3 ಒಳಗ ಪುಟ ತಾನ ತಿರುವೋ ಪೇಜಿನೇಟರ್ ಐತಿ, ಅದನ್ನ ಬಳಸ್ರಿ, ಲೂಪ್ ನೀವ ಬರ್ಯಾಕ ಹೋಗಬ್ಯಾಡ್ರಿ.

ಬಾಕಿ ಪಟ್ಟಿಗೆ ಎರಡು ಕಾಲ್ ಬೇಕು. ಮೊದಲನೇದು ಡಿಸ್ಕ್ರೈಬ್ ಇನ್‌ಸ್ಟನ್ಸ್ ಪ್ಯಾಚ್ ಸ್ಟೇಟ್ಸ್, ಇದಕ್ಕ ಸರ್ವರ್ ಐಡಿಗಳನ್ನ ಕೊಟ್ರ ಒಂದೊಂದಕ್ಕೂ ಎಷ್ಟು ಮಿಸ್ಸಿಂಗ್, ಎಷ್ಟು ಫೇಲ್, ಎಷ್ಟು ರಿಬೂಟ್‌ಗೆ ಕಾಯ್ತಾವ ಅಂತ ಲೆಕ್ಕ ಕೊಡ್ತೈತಿ. ಎರಡನೇದು ಡಿಸ್ಕ್ರೈಬ್ ಇನ್‌ಸ್ಟನ್ಸ್ ಪ್ಯಾಚಸ್, ಒಂದು ಸರ್ವರ್ ಐಡಿ ಕೊಟ್ಟು ಸ್ಟೇಟ್ ಮಿಸ್ಸಿಂಗ್ ಅಂತ ಫಿಲ್ಟರ್ ಹಾಕಿದ್ರ ಬಾಕಿ ಇದ್ದ ಪ್ಯಾಚಿನ ಹೆಸರ ಪಟ್ಟಿ. ಮೊದಲನೇದ್ರಾಗ ಮಿಸ್ಸಿಂಗ್ ಇದ್ದ ಸರ್ವರ್‌ಗಷ್ಟ ಎರಡನೇದು ಓಡಸ್ರಿ.

ಆದ್ರ ಅಂಕಿ ಬಂತು ಅಂತ ಎಕ್ಸೆಲ್‌ಗೆ ಹಾಕೋಕಿಂತ ಮೊದಲ ಒಂದ್ ನಿಮಿಷ ನಿಲ್ರಿ. ಈ ಎರಡೂ ಕಾಲ್ ಸರ್ವರ್‌ನ ಹೋಗಿ ಈಗಿಂದೀಗ ನೋಡಂಗಿಲ್ಲ, ಹಿಂದಿನ ಸಲ ಸ್ಕ್ಯಾನ್ ಆದಾಗ ಏನ್ ಬರದಿಟ್ಟಿದ್ರೋ ಅದನ್ನ ಓದಿ ಹೇಳ್ತಾವ. ಆಪರೇಶನ್ ಎಂಡ್ ಟೈಮ್ ಅಂತ ಒಂದು ತಾರೀಕು ಜೋಡಿಗೇ ಬರ್ತೈತಿ, ನಾನು ನೋಡಿದ ಬಹಳಷ್ಟು ಸ್ಕ್ರಿಪ್ಟ್‌ಗಳು ಅದನ್ನ ಓದೋದ ಇಲ್ಲ. ಮಿಸ್ಸಿಂಗ್ 0, ಸ್ಕ್ಯಾನ್ ಆದದ್ದು 50 ದಿನದ ಹಿಂದ ಅಂದ್ರ ಅದು 50 ದಿನದ ಹಿಂದಿನ ಸುದ್ದಿ. ಮಿಸ್ಸಿಂಗ್ ಅನ್ನೋ ಮಾತೂ ಬೇಸ್‌ಲೈನ್‌ಗೆ ಹೊಂದಿಕೊಂಡಿದ್ದು: ಬೇಸ್‌ಲೈನ್ ಒಪ್ಪಿದ ಪ್ಯಾಚ್ ಕೂಡ್ರದಿದ್ರಷ್ಟ ಅದು ಮಿಸ್ಸಿಂಗ್. ಅವರ ಕಡೆಯಿಂದ ತಯಾರ ಬರೋ ವಿಂಡೋಸ್ ಬೇಸ್‌ಲೈನ್ ಪ್ಯಾಚ್ ಬಿಟ್ಟ 7 ದಿನಕ್ಕ ಒಪ್ತೈತಿ, ಹಂಗಾಗಿ ನಿನ್ನೆ ಬಂದ ಪ್ಯಾಚ್ ಇವತ್ತಿನ ಮಿಸ್ಸಿಂಗ್‌ದಾಗ ಇಲ್ಲ ಅಂತ ಗಾಬರಿ ಆಗಬ್ಯಾಡ್ರಿ, ಬಂದೇ ಇಲ್ಲ ಅಂತನೂ ತಿಳ್ಕೋಬ್ಯಾಡ್ರಿ.

ಇನ್ನೊಂದು ಹೇಳಬೇಕು, ಇದು ನನಗ ಆದದ್ದು. ಕೆಲವು ವರ್ಷದ ಹಿಂದ ಒಂದು ಸಂಸ್ಥೆದ ಸರ್ವರ್ ನೋಡ್ಕೊಳ್ತಿದ್ದೆ, ತಿಂಗಳ ತಿಂಗಳ ನನ್ನ ವರದಿ ಪೂರ್ತಿ ಹಸಿರು. ಒಂದಿನ ಬ್ಯಾರೆ ಕೆಲಸಕ್ಕ ಒಂದು ಸರ್ವರ್ ಒಳಗ ಹೋದೆ, ನೋಡಿದ್ರ ನಾಕು ತಿಂಗಳಿಂದ ಒಂದೂ ಪ್ಯಾಚ್ ಬಂದಿಲ್ಲ. ಡಿಸ್ಕ್ ತುಂಬಿ ಏಜೆಂಟ್ (ಸರ್ವರ್ ಒಳಗ ಕೂತು ಸುದ್ದಿ ಕಳಿಸೋ ಸಣ್ಣ ಪ್ರೋಗ್ರಾಂ) ನಿಂತು ಹೋಗಿತ್ತು. ವರದಿದಾಗ ಕೆಂಪು ಯಾಕ ಬರಲಿಲ್ಲ ಅಂದ್ರ ಆ ಸರ್ವರ್ ವರದಿದಾಗ ಇರಲೇ ಇಲ್ಲ. ನಾನು ಆನ್‌ಲೈನ್ ಇದ್ದ ಏಜೆಂಟ್ ಪಟ್ಟಿ ತಗೊಂಡು ಅವುಗಳ ಬಗ್ಗೆ ಅಷ್ಟ ಕೇಳ್ತಿದ್ದೆ. ಸಾಲ್ಯಾಗ ಹಾಜರಿ ಪುಸ್ತಕದಾಗ ಹೆಸರ ಇಲ್ಲದ ಹುಡುಗ ಗೈರು ಅಂತನೂ ಬೀಳಂಗಿಲ್ಲ ನೋಡ್ರಿ, ಹಂಗ. ಅವತ್ತಿಂದ ಮೂರು ಪಟ್ಟಿ ಇಟ್ಟು ತಾಳೆ ನೋಡ್ತೇನಿ: ಇಸಿ2 (ಎಡಬ್ಲ್ಯೂಎಸ್‌ನ ಸರ್ವರ್ ಸೇವಾ) ಹೇಳೋ ಓಡ್ತಿರೋ ಸರ್ವರ್‌ಗಳು, ಸಿಸ್ಟಮ್ಸ್ ಮ್ಯಾನೇಜರ್‌ಗೆ (ಪ್ಯಾಚ್ ನೋಡ್ಕೊಳ್ಳೋ ಎಡಬ್ಲ್ಯೂಎಸ್ ಸೇವಾ) ಗೊತ್ತಿರೋ ಸರ್ವರ್‌ಗಳು ಪಿಂಗ್ ಸ್ಟೇಟಸ್ (ಏಜೆಂಟ್ ಓಗೊಡ್ತೈತೋ ಇಲ್ಲೋ) ಸಮೇತ, ಮತ್ತ ಪ್ಯಾಚ್ ಸ್ಟೇಟ್ ಇದ್ದ ಸರ್ವರ್‌ಗಳು. ಮೊದಲನೇದ್ರಾಗ ಇದ್ದು ಮೂರನೇದ್ರಾಗ ಇಲ್ಲದ್ದು ವರದಿ ತುದಿಗೆ, ಕೆಂಪು ಬಣ್ಣದಾಗ. ಈ ಕಾಲ್ ಎಲ್ಲಾ ಒಂದು ರೀಜನ್‌ಗೆ (ಸರ್ವರ್ ಇರೋ ಪ್ರದೇಶಕ್ಕ) ಸೀಮಿತ ಅನ್ನೋದೂ ನೆನಪಿರಲಿ, ಮುಂಬೈ ರೀಜನ್ ಕೇಳಿದ್ರ ಹೈದರಾಬಾದಿನ ಸರ್ವರ್ ಕಾಣಂಗಿಲ್ಲ.

ಪ್ರಶ್ನೆ: ನಾವು ಗದಗಿನಾಗ ಒಂದು ಸಹಕಾರಿ ಸಂಘದ ಸರ್ವರ್ ನೋಡ್ಕೊಳ್ತೇವಿ, ಐದೂ ಸೆಂಟ್‌ಒಎಸ್ 7 (ಒಂದು ನಮೂನಿ ಲಿನಕ್ಸ್). ಕ್ಲೌಡ್ ಇಲ್ಲ, ಆಫೀಸಿನ ರೂಮ್‌ದಾಗ ಅದಾವ. ನನ್ನ ಸ್ಕ್ರಿಪ್ಟ್ ಎಲ್ಲಾ ಸರ್ವರ್‌ಗೆ ಹೋಗಿ ಯಮ್ ಚೆಕ್ ಅಪ್‌ಡೇಟ್ (ಅಪ್‌ಡೇಟ್ ಬಾಕಿ ಅದಾವೇನು ಅಂತ ನೋಡೋ ಕಮಾಂಡ್) ಓಡಿಸಿ, ಬಂದ ಸಾಲುಗಳನ್ನ ಎಣಿಸಿ ಒಂದು ಸಣ್ಣ ಎಪಿಐ ಮೂಲಕ ಡ್ಯಾಶ್‌ಬೋರ್ಡಿಗೆ ಕೊಡ್ತೈತಿ. ವರ್ಷದ ಮ್ಯಾಲಾತು, ಬರೇ ಸೊನ್ನೆ. ಆಡಿಟರ್ ಬಂದು ನೋಡಿ ಖುಷಿ ಆಗಿ ಹೋದ್ರು. ನನಗ ಒಳಗೊಳಗ ಅಂಜಿಕಿ.
(ಬೆಟಗೇರಿಯಿಂದ ಒಬ್ಬ ಓದುಗ)

ಉತ್ತರ: ನಿಮ್ಮ ಅಂಜಿಕಿ ಖರೇ ಐತಿ ಅಣ್ಣಾರ. ಸೆಂಟ್‌ಒಎಸ್ 7ರ ಆಯುಷ್ಯ 2024ರ ಜೂನ್ 30ಕ್ಕ ಮುಗೀತು. ಅವತ್ತಿಂದ ಅದಕ್ಕ ಪ್ಯಾಚ್ ಬರಂಗಿಲ್ಲ. ಪ್ಯಾಚ್ ಬರಂಗಿಲ್ಲ ಅಂದ್ರ ಬಾಕಿನೂ ಸೊನ್ನೆ. ರೋಗ ಇಲ್ಲಂತ ಬಂದ ಸೊನ್ನೆ ಅಲ್ಲ ಅದು, ಡಾಕ್ಟರ ಊರ ಬಿಟ್ಟು ಹೋಗ್ಯಾರ.

ನಿಮ್ಮ ಸೊನ್ನೆ ಎರಡು ದಾರಿಯಿಂದ ಬಂದಿರಬಹುದು. ಯಾರರ ರೆಪೊ (ಪ್ಯಾಕೇಜ್ ಇಳಿಸ್ಕೊಳ್ಳೋ ಜಾಗ) ವಿಳಾಸ ವಾಲ್ಟ್‌ಗೆ ತಿರುಗಿಸಿದ್ರ ಅಲ್ಲಿ ಇರೋದು ಹಳೇ ಪ್ಯಾಕೇಜಿನ ಗೋಡೌನ್, ಹೊಸಾದು ಒಂದೂ ಬರಂಗಿಲ್ಲ, ಯಮ್ ಪ್ರಾಮಾಣಿಕವಾಗೇ ಏನಿಲ್ಲ ಅಂತೈತಿ. ತಿರುಗಿಸಿರದಿದ್ರ ಹಳೇ ಮಿರರ್ ಪಟ್ಟಿ ವಿಳಾಸ ಈಗ ಸಿಗಂಗಿಲ್ಲ, ಯಮ್ ಎರರ್ ಕೊಡ್ತೈತಿ, ನಿಮ್ಮ ಸ್ಕ್ರಿಪ್ಟ್ ಎರರ್ ಸಾಲುಗಳನ್ನ ಬಿಸಾಕಿ ಉಳದದ್ದು ಎಣಿಸ್ತಿದ್ರ ಉಳಿಯೋದು ಸೊನ್ನೆ. ಪತ್ತೆ ಹಚ್ಚೋದು ಸರಳ. ಯಮ್ ಚೆಕ್ ಅಪ್‌ಡೇಟ್ ಮುಗಿದ ಮ್ಯಾಲೆ ಎಕ್ಸಿಟ್ ಕೋಡ್ (ಕಮಾಂಡ್ ಮುಗಿಯುವಾಗ ಬಿಟ್ಟು ಹೋಗೋ ಅಂಕಿ) ನೋಡ್ರಿ: ಅಪ್‌ಡೇಟ್ ಇದ್ರ 100, ಇಲ್ಲದಿದ್ರ 0, ತಪ್ಪಾಗಿದ್ರ 1. ಸಾಲು ಎಣಿಸೋದು ಬಿಟ್ಟು ಈ ಕೋಡ್ ಹಿಡೀರಿ. ಎಪಿಐ ಉತ್ತರದಾಗೂ ಬಾಕಿ ಅನ್ನೋ ಒಂದ ಅಂಕಿ ಬ್ಯಾಡ, ಕೇಳಿದ್ದು ಯಶಸ್ವಿ ಆತೋ ಇಲ್ಲೋ, ಯಾವಾಗ ಕೇಳಿದ್ದು, ಈ ಒಎಸ್‌ಗೆ ಬೆಂಬಲ ಯಾವಾಗಿನ ತನಕ ಅಂತ ಮೂರು ಕಲಂ ಕೂಡಸ್ರಿ. ಕೇಳಾಕ ಆಗಲಿಲ್ಲ ಅಂದ್ರ ಸೊನ್ನೆ ಬರೀಬ್ಯಾಡ್ರಿ, ಖಾಲಿ ಬಿಡ್ರಿ, ಗೊತ್ತಿಲ್ಲ ಅಂತ ತೋರಸ್ರಿ.

ಆಡಿಟರ್‌ಗೆ ನೀವ ಹೋಗಿ ಹೇಳ್ರಿ, ಅವರು ಹಿಡಿಯೋತನಕ ಕಾಯಬ್ಯಾಡ್ರಿ. ಸಂಘದಾಗ ರೈತರ ರೊಕ್ಕ ಐತಿ. ಆಲ್ಮಾಲಿನಕ್ಸ್ ಇಲ್ಲಾ ರಾಕಿ ಲಿನಕ್ಸ್ 9ಕ್ಕ ಹೋಗೋ ಯೋಜನಿ ಹಾಕ್ರಿ. ಆಲ್ಮಾದವರ ಎಲಿವೇಟ್ ಅನ್ನೋ ಸಾಧನ ಇದ್ದ ಸರ್ವರ್‌ನ್ನ ಅಲ್ಲೇ ಮ್ಯಾಲೆ ಏರಿಸ್ತೈತಿ, ಆದ್ರ ಡೇಟಾಬೇಸ್ ಇರೋ ಸರ್ವರ್‌ಗೆ ಹೊಸಾದು ಕಟ್ಟಿ ಡೇಟಾ ಒಯ್ಯೋದ ಚಲೋ ಅಂತ ನನ್ನ ಅಭಿಪ್ರಾಯ. ಅಲ್ಲೀತನಕ ಆ ಐದನ್ನೂ ಇಂಟರ್ನೆಟ್‌ನಿಂದ ಕಡೀರಿ. ಇದ ಮಾತು ವಿಂಡೋಸ್ ಸರ್ವರ್ 2012 ಆರ್2 ಇಟ್ಕೊಂಡವರಿಗೂ, 2023ರ ಅಕ್ಟೋಬರ್ 10ಕ್ಕ ಅದರ ಪುಕ್ಕಟೆ ಪ್ಯಾಚ್ ನಿಂತಾವ.

ಪ್ರಶ್ನೆ: ಅಜೂರ್‌ದಾಗ (ಮೈಕ್ರೋಸಾಫ್ಟ್ ಕ್ಲೌಡ್) ಅಸೆಸ್ ಪ್ಯಾಚಸ್ ಅಂತ ಎಪಿಐಗೆ ಪೋಸ್ಟ್ ಮಾಡಿದ್ರ 202 ಬರ್ತೈತಿ, ಬಾಡಿ ಖಾಲಿ. ಪಟ್ಟಿ ಎಲ್ಲಿ?
(ರಾಣೆಬೆನ್ನೂರಿನಿಂದ ಒಬ್ಬ ಓದುಗ)

ಉತ್ತರ: 202 ಅಂದ್ರ ಅರ್ಜಿ ತಗೊಂಡೇನಿ, ಕೆಲಸ ಇನ್ನ ನಡದೈತಿ ಅಂತ. ಸರ್ವರ್ ಒಳಗಿನ ಏಜೆಂಟ್ ಎದ್ದು ಅಪ್‌ಡೇಟ್ ಹುಡುಕಾಕ ಕೆಲವು ನಿಮಿಷ ಹಿಡೀತೈತಿ. ಉತ್ತರದ ಹೆಡರ್‌ದಾಗ ಒಂದು ವಿಳಾಸ ಬಂದಿರ್ತೈತಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಅದನ್ನ ಕೇಳ್ಕೋತ ಇರ್ರಿ, ಮುಗಿದಾಗ ಫಲಿತಾಂಶ ಸಿಗ್ತೈತಿ. ಭಾಳ ಸರ್ವರ್ ಇದ್ರ ಹಿಂಗ ಒಂದೊಂದ ಕೇಳೋದು ಬಿಟ್ಟು ರಿಸೋರ್ಸ್ ಗ್ರಾಫ್‌ದಾಗ (ಅಜೂರ್‌ದ ಹುಡುಕೋ ಸೇವಾ) ಪ್ಯಾಚ್ ಅಸೆಸ್‌ಮೆಂಟ್ ರಿಸೋರ್ಸಸ್ ಅನ್ನೋ ಟೇಬಲ್‌ಗೆ ಒಂದ ಕ್ವೆರಿ ಹಾಕ್ರಿ, ಎಲ್ಲಾ ಸರ್ವರ್‌ದು ಒಂದ ಕಡೆ ಬರ್ತೈತಿ. ಅಲ್ಲಿ ಅಸೆಸ್‌ಮೆಂಟ್ ಉಳಿಯೋದು 7 ದಿನ ಅಷ್ಟ, ಹಂಗಾಗಿ ಪೀರಿಯಾಡಿಕ್ ಅಸೆಸ್‌ಮೆಂಟ್ ಚಾಲೂ ಮಾಡಿಡ್ರಿ, 24 ತಾಸಿಗೊಮ್ಮೆ ತಾನ ನೋಡ್ಕೊಳ್ತೈತಿ.

ಪ್ರಶ್ನೆ: ನಮಸ್ಕಾರ. ನಾನು ಧಾರವಾಡದಾಗ ಒಂದು ಕಾಲೇಜಿನ ಲ್ಯಾಬ್ ನೋಡ್ಕೋತೀನಿ. ನಮ್ಮ ರೆಡ್‌ಹ್ಯಾಟ್ 9 ಸರ್ವರ್‌ದಾಗ ಓಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ಸಾಫ್ಟ್‌ವೇರ್) 8.7ಪಿ1 ಅದ. ಹೊರಗಿನ ಸ್ಕ್ಯಾನರ್ ಇದು ಅಪಾಯ, ಸಿವಿಇ-2024-6387 (ಸುರಕ್ಷತಾ ತೂತಿಗೆ ಕೊಡೋ ನಂಬರ್) ಅದ ಅಂತ ಕೆಂಪ ತೋರಸ್ತದ. ಪ್ಯಾಚ್ ಎಪಿಐ ಕೇಳಿದ್ರ ಬಾಕಿ ಏನಿಲ್ಲ ಅಂತದ. ಯಾರನ್ನ ನಂಬಬೇಕು?
(ಸಪ್ತಾಪುರದಿಂದ ಒಬ್ಬ ಓದುಗರು)

ಉತ್ತರ: ಇಲ್ಲಿ ಬಹುತೇಕ ಪ್ಯಾಚ್ ಎಪಿಐ ಮಾತು ಸರಿ, ಆದ್ರ ಪರೀಕ್ಷಿಸಿ ನೋಡ್ರಿ. 2006ರಾಗ ಮುಚ್ಚಿದ್ದ ಒಂದು ತೂತು 8.5ಪಿ1 ಆವೃತ್ತಿದಾಗ ಹೊಳ್ಳಿ ಬಿಚ್ಚಿಕೊಂಡಿತ್ತು, ಅದು ಬೈಲಿಗೆ ಬಂದದ್ದು 2024ರ ಜುಲೈ 1ಕ್ಕ. ಮೂಲ ಓಪನ್‌ಎಸ್‌ಎಸ್‌ಎಚ್‌ನವರು 9.8ಪಿ1 ಬಿಟ್ಟು ಸರಿ ಮಾಡಿದ್ರು. ರೆಡ್‌ಹ್ಯಾಟ್‌ನವರು ಹಂಗ ಮಾಡಂಗಿಲ್ಲ, ಹಳೇ 8.7ಪಿ1ರನ್ನ ಇಟ್ಕೊಂಡು ಆ ತೂತಿಗಷ್ಟ ತೇಪಿ ಹಚ್ಚಿ, ಮುಂದಿನ ಬಾಲದ ಅಂಕಿ ಬದಲಿ ಮಾಡಿ ಕೊಡ್ತಾರ. ಇದನ್ನ ಬ್ಯಾಕ್‌ಪೋರ್ಟ್ ಅಂತಾರ. ಸ್ಕ್ಯಾನರ್ ಹೊರಗಿಂದ 8.7 ಅಷ್ಟ ಓದ್ತೈತಿ, ಬಾಲ ಅದಕ್ಕ ಕಾಣಂಗಿಲ್ಲ. ಅಂಗಿ ಹಳೇದು ಅಂತ ನೋಡ್ತೈತಿ, ಒಳಗ ಹೊಲದ ಹೊಲಗಿ ನೋಡಂಗಿಲ್ಲ.

ಆ ಸರ್ವರ್ ಒಳಗ ಆರ್‌ಪಿಎಂ ಚೇಂಜ್‌ಲಾಗ್ (ಪ್ಯಾಕೇಜಿನಾಗ ಏನೇನು ಬದಲಾತು ಅನ್ನೋ ಪಟ್ಟಿ) ತಗದು ಆ ಸಿವಿಇ ಅಂಕಿ ಹುಡುಕ್ರಿ. ಅಲ್ಲಿ ಇದ್ದು, ಪ್ಯಾಚ್ ಆದ ಮ್ಯಾಲೆ ಎಸ್‌ಎಸ್‌ಎಚ್ ಸೇವಾ ಮರುಚಾಲೂ ಆಗಿದ್ರ ಆ ತೂತು ಮುಚ್ಚೇತಿ, ಆ ಪುರಾವೆ ಸಮೇತ ಸ್ಕ್ಯಾನರ್‌ದಾಗ ವಿನಾಯಿತಿ ಹಾಕಸ್ರಿ. ಎಪಿಐದಾಗ ಕೇಳೋದಿದ್ರ ಆವೃತ್ತಿ ಅಂಕಿ ಹೋಲಿಸಬ್ಯಾಡ್ರಿ, ಎರಾಟಾ (ರೆಡ್‌ಹ್ಯಾಟ್‌ನವರು ಬಿಡೋ ತಿದ್ದುಪಡಿ ಪ್ರಕಟಣೆ) ಕೇಳ್ರಿ. ಹೆಸರಿನ ಮೊದಲ ನಾಕು ಅಕ್ಷರ ಆರ್‌ಎಚ್‌ಎಸ್‌ಎ ಇದ್ರ ಸುರಕ್ಷತಾದ್ದು, ಆರ್‌ಎಚ್‌ಬಿಎ ಇದ್ರ ದೋಷ ತಿದ್ದಿದ್ದು, ಆರ್‌ಎಚ್‌ಇಎ ಇದ್ರ ಸುಧಾರಣಾ. ರೆಡ್‌ಹ್ಯಾಟ್‌ನ ಸರ್ವರ್ ನಿರ್ವಹಣಾ ಸಾಧನ ಸ್ಯಾಟಲೈಟ್ ಬಳಸ್ತಿದ್ರ ಇನ್ನೊಂದು ಲಕ್ಷ್ಯ ಇರಲಿ: ಅಪ್ಲಿಕೇಬಲ್ ಎರಾಟಾ ಮತ್ತ ಇನ್‌ಸ್ಟಾಲೆಬಲ್ ಎರಾಟಾ ಅಂತ ಎರಡು ಲೆಕ್ಕ ಬರ್ತಾವ. ಮೊದಲನೇದು ನಿಮ್ಮ ಸರ್ವರ್‌ಗೆ ಬೇಕಾದದ್ದು, ಎರಡನೇದು ನೀವು ಕಂಟೆಂಟ್ ವ್ಯೂ (ಸರ್ವರ್‌ಗಳಿಗೆ ಸಿಗಲಿ ಅಂತ ನೀವ ಆರಿಸಿಟ್ಟ ಪ್ಯಾಕೇಜ್ ಸಂಗ್ರಹ) ಒಳಗ ಬಿಟ್ಟದ್ದರಾಗ ಸಿಗೋದು. ಇನ್‌ಸ್ಟಾಲೆಬಲ್ 0 ಇದ್ದು ಅಪ್ಲಿಕೇಬಲ್ 35 ಇದ್ರ ಕಂಟೆಂಟ್ ವ್ಯೂ ಹಳೇದಾಗೇತಿ, ಪ್ಯಾಚ್ ಬಾಗಲದಾಗ ಬಂದು ನಿಂತಾವ, ಒಳಗ ಬಿಟ್ಟಿಲ್ಲ ಅಷ್ಟ.

ಪ್ರಶ್ನೆ: ಸರ್, ಹುಬ್ಬಳ್ಳಿ ಒಂದು ದವಾಖಾನಿ ಒಳಗ ಐಟಿ ನೋಡ್ತೇನಿ. ಪ್ಯಾಚ್ ಎಲ್ಲಾ ಕೂತಾವ, ಆದ್ರ ಕೆಲವು ಸರ್ವರ್ ಇನ್‌ಸ್ಟಾಲ್ಡ್ ಪೆಂಡಿಂಗ್ ರಿಬೂಟ್ ಅಂತ ತೋರಸ್ತಾವ. ರಾತ್ರಿ ಹಗಲು ಪೇಶಂಟ್ ಬರ್ತಾರ, ರಿಬೂಟ್ ಮಾಡಾಕ ಯಾರೂ ಒಪ್ಪಂಗಿಲ್ಲ. ಕೂತಾವಲ್ಲ, ಸಾಕಲ್ಲ?
(ಒಬ್ಬ ಓದುಗಿ)

ಉತ್ತರ: ಸಾಕಾಗಂಗಿಲ್ಲ ತಂಗಿ. ಡಿಸ್ಕ್ ಮ್ಯಾಲೆ ಹೊಸ ಕರ್ನಲ್ (ಒಎಸ್‌ನ ತಿರುಳು) ಕೂತೈತಿ, ಓಡ್ತಿರೋದು ಹಳೇದ. ಲಿನಕ್ಸ್ ಇದ್ರ ಯುನೇಮ್ ಆರ್ ಕೊಟ್ಟು ನೋಡು, ಓಡ್ತಿರೋ ಕರ್ನಲ್ ಅಂಕಿ ಬರ್ತೈತಿ, ಕೂತಿರೋ ಹೊಸ ಕರ್ನಲ್ ಅಂಕಿ ಜೋಡಿ ತಾಳೆ ಹಾಕು. ಉಬುಂಟುದಾಗ /var/run ಫೋಲ್ಡರ್ ಒಳಗ ರಿಬೂಟ್ ರಿಕ್ವೈರ್ಡ್ ಅನ್ನೋ ಫೈಲ್ ಇದ್ರ ರಿಬೂಟ್ ಬೇಕು ಅಂತ. ಮನಿಗೆ ಹೊಸ ಕೀಲಿ ತಂದು ಟೇಬಲ್ ಮ್ಯಾಲೆ ಇಟ್ಟಂಗ, ಬಾಗಲಕ್ಕ ಇನ್ನ ಹಳೇ ಕೀಲಿನ.

ದವಾಖಾನಿ ಕಷ್ಟ ನನಗೂ ಗೊತ್ತೈತಿ, ಅಲ್ಲಿ ರಿಬೂಟ್ ಅನ್ನೋ ಮಾತು ಹಗುರ ಅಲ್ಲ. ಎರಡು ಸರ್ವರ್ ಜೋಡಿ ಇದ್ರ ಒಂದನ್ನ ಬಿಟ್ಟು ಒಂದು ಮಾಡು. ಒಂದ ಇದ್ರ ಡ್ಯೂಟಿ ಡಾಕ್ಟರು ಮತ್ತ ಲ್ಯಾಬ್‌ನವರ ಜೋಡಿ ಕೂತು ಎಲ್ಲಾಕ್ಕಿಂತ ಕಡಿಮಿ ಎಂಟ್ರಿ ಆಗೋ ತಾಸು ಯಾವುದಂತ ಲಾಗ್ ತಗದು ತೋರಿಸು, ಬಾಯಿಮಾತಿಗೆ ಒಪ್ಪದವರು ಲೆಕ್ಕ ನೋಡಿದ್ರ ಒಪ್ತಾರ. ಅಷ್ಟ ಹೊತ್ತು ಕಾಗದದ ಮ್ಯಾಲೆ ಬರಕೊಳ್ಳಾಕ ಫಾರ್ಮ್ ಮೊದಲ ಛಾಪಿಸಿಡು. ಪ್ಯಾಚ್ ಓಡಿಸುವಾಗ ನೋ ರಿಬೂಟ್ ಆಯ್ಕೆ ಮಾಡೋದು ತಪ್ಪಲ್ಲ, ಆದ್ರ ವರದಿದಾಗ ಪೆಂಡಿಂಗ್ ರಿಬೂಟ್‌ನ್ನ ಹಸಿರಿಗೆ ಸೇರಿಸಬ್ಯಾಡ, ಎಷ್ಟು ದಿನದಿಂದ ಕಾಯ್ತೈತಿ ಅಂತ ದಿನ ಎಣಿಸಿ ಬರಿ.

ಪ್ರಶ್ನೆ: ಬ್ಯಾಡಗಿ ಕಡೆ ಮೆಣಸಿನಕಾಯಿ ವ್ಯಾಪಾರಸ್ಥರ ಲೆಕ್ಕದ ಸಾಫ್ಟ್‌ವೇರ್ ನಡಸ್ತೇವಿ. ಎಪಿಐದಿಂದ ಎಲ್ಲಾ ಬರೋಬ್ಬರಿ ತಗದೇನಿ, ಒಟ್ಟ 318 ಬಾಕಿ. ನಾವು ಇಬ್ಬರ ಹುಡುಗರು. ಎಲ್ಲಿಂದ ಹಿಡಿಯೂಣು?
(ಹಾವೇರಿಯಿಂದ ಒಬ್ಬ ಓದುಗ)

ಉತ್ತರ: ಮೊದಲ ಇಂಟರ್ನೆಟ್‌ಗೆ ತೆರಕೊಂಡ ಸರ್ವರ್‌ಗಳನ್ನ ಬ್ಯಾರೆ ಮಾಡ್ರಿ. ಆಮ್ಯಾಲೆ ಅಮೆರಿಕದ ಸಿಸಾ ಅನ್ನೋ ಸರ್ಕಾರಿ ಸಂಸ್ಥೆ 2021ರ ನವೆಂಬರ್‌ದಿಂದ ಒಂದು ಪಟ್ಟಿ ಇಟ್ಟೈತಿ, ಖರೇನ ದಾಳಿಗೆ ಬಳಕಿ ಆಗಿರೋ ತೂತುಗಳದ್ದು, ಜೇಸನ್ ರೂಪದಾಗ ಪುಕ್ಕಟೆ ಸಿಗ್ತೈತಿ. ನಿಮ್ಮ 318ರ ಸಿವಿಇ ಅಂಕಿ ಅದರ ಜೋಡಿ ಕೂಡಸಿ ನೋಡ್ರಿ, ಹೊಂದಿದ್ದು ಕೈಬೆರಳಷ್ಟ ಉಳೀಬಹುದು, ಅವನ್ನ ಈ ವಾರ ಮುಗಸ್ರಿ. ತಡ ಮಾಡಿದ್ರ ಏನಾಗ್ತೈತಿ ಅನ್ನಾಕ ವಾನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ (ಫೈಲ್ ಕೀಲಿ ಹಾಕಿ ರೊಕ್ಕ ಕೇಳೋ ವೈರಸ್) ನೆನಸ್ಕೋರಿ, ಪ್ಯಾಚ್ ಬಂದದ್ದು 2017ರ ಮಾರ್ಚ್ 14ಕ್ಕ, ದಾಳಿ ಎದ್ದದ್ದು ಮೇ 12ಕ್ಕ, ನಡುವ 59 ದಿನ ಇದ್ವು. ನಮ್ಮಲ್ಲಿ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್‌ದಾಗ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗೊತ್ತಾದ 6 ತಾಸಿನೊಳಗ ತಿಳಿಸಬೇಕು, ಲಾಗ್ 180 ದಿನ ಇಟ್ಕೋಬೇಕು. ಇಬ್ಬರ ಇದ್ರೂ ಇದು ಗೊತ್ತಿರಲಿ.

ಮತ್ತ ಒಂದು, ನೀವು ಕೇಳಿಲ್ಲ ಆದ್ರ ಲೆಕ್ಕದ ಸಾಫ್ಟ್‌ವೇರ್ ಅಂದದ್ದಕ್ಕ ಹೇಳ್ತೇನಿ. ಈ 318ರಾಗ ನೀವ ಕೈಯಿಂದ ತಂದಿಟ್ಟ ಜಾವಾ ಲೈಬ್ರರಿ ಬಂದಿರಂಗಿಲ್ಲ. ಒಎಸ್ ಪ್ಯಾಚ್ ಎಪಿಐಗೆ ಕಾಣೋದು ಪ್ಯಾಕೇಜ್ ಮ್ಯಾನೇಜರ್ ಕೂಡಿಸಿದ್ದು ಅಷ್ಟ. 2021ರ ಡಿಸೆಂಬರ್‌ದಾಗ ಲಾಗ್4ಜೆ (ಲಾಗ್ ಬರಿಯೋ ಜಾವಾ ಲೈಬ್ರರಿ) ತೂತು ಬೈಲಾದಾಗ ಎಷ್ಟೋ ಕಡೆ ಪ್ಯಾಚ್ ವರದಿ ಹಸಿರು ಇತ್ತು, ಅದರ ಜಾರ್ ಫೈಲ್ ಮಾತ್ರ ಟಾಮ್‌ಕ್ಯಾಟ್ (ಜಾವಾ ವೆಬ್ ಸರ್ವರ್) ಫೋಲ್ಡರ್‌ದಾಗ ವಾರ್ ಫೈಲ್ (ಪೂರ್ತಿ ಜಾವಾ ಆ್ಯಪ್ ಕಟ್ಟಿದ ಗಂಟು) ಒಳಗ ಕೂತಿತ್ತು. ಟೆಂಡರ್ ಇಲ್ಲದ ದಿನ ಒಂದು ತಾಸು ತಗದು ಎಲ್ಲಾ ಸರ್ವರ್‌ನ ಡಿಸ್ಕ್ ಹುಡುಕ್ರಿ, ವಾರ್ ಫೈಲ್ ಬಿಚ್ಚಿ ಒಳಗಿಂದೂ ನೋಡ್ರಿ, ಲಾಗ್4ಜೆ ಕೋರ್ 2.17.1ಕ್ಕಿಂತ ಹಳೇದು ಸಿಕ್ರ 318 ಬಿಟ್ಟು ಮೊದಲ ಅದನ್ನ ಬದಲಿ ಮಾಡ್ರಿ.